ಥಲಸ್ಸೇಮಿಯಾ ಇರುವವರಿಗೆ ಕಿಡ್ನಿ ಸ್ಟೋನ್: ಮೂಳೆ ಸವೆತಕ್ಕೂ ಕಲ್ಲಿಗೂ ಏನು ನಂಟು? ಇಲ್ಲಿದೆ ಪೂರ್ಣ ವಿವರ

ಕಿಡ್ನಿಯಲ್ಲಿ ಕಲ್ಲು ಎಂದ ತಕ್ಷಣ ನಮ್ಮಲ್ಲಿ ಬರುವ ಮೊದಲ ಮಾತು, 'ನೀರು ಸರಿಯಾಗಿ ಕುಡಿದಿಲ್ಲ'. ಎರಡನೇ ಮಾತು, 'ಬಾಳೆದಿಂಡಿನ ರಸ ಕುಡಿ, ಕರಗಿ ಹೋಗುತ್ತೆ'. ಹೆಚ್ಚಿನವರ ಮಟ್ಟಿಗೆ ಚರ್ಚೆ ಅಲ್ಲಿಗೇ ಮುಗಿಯುತ್ತದೆ. ಆದರೆ ಥಲಸ್ಸೇಮಿಯಾದಂತಹ ಆನುವಂಶಿಕ ರಕ್ತದ ಕಾಯಿಲೆ ಇರುವವರಿಗೆ ಕಲ್ಲು ಬಂದಾಗ ಅಷ್ಟಕ್ಕೇ ಬಿಡುವಂತಿಲ್ಲ. ಆ ಕಲ್ಲಿನಲ್ಲಿರುವ ಕ್ಯಾಲ್ಸಿಯಂನ ಒಂದು ಪಾಲು ಅವರ ಮೂಳೆಯಿಂದಲೇ ಕರಗಿ ಬಂದಿರಬಹುದು.

ಮೂರು ನಾಲ್ಕು ದಶಕಗಳ ಹಿಂದೆ ಈ ಪ್ರಶ್ನೆಯೇ ಅಷ್ಟಾಗಿ ಇರಲಿಲ್ಲ. ಥಲಸ್ಸೇಮಿಯಾ ಮೇಜರ್ ಇರುವ ಅನೇಕ ಮಕ್ಕಳು ಹರೆಯ ದಾಟುತ್ತಿರಲಿಲ್ಲ. ಈಗ ನಿಯಮಿತವಾಗಿ ರಕ್ತ ಹಾಕಿಸಿಕೊಂಡು, ಕಬ್ಬಿಣಾಂಶ ಹೊರಹಾಕುವ ಮಾತ್ರೆ ತಪ್ಪದೇ ತೆಗೆದುಕೊಳ್ಳುವವರು ಓದಿ, ಕೆಲಸಕ್ಕೆ ಸೇರಿ, ಮದುವೆಯಾಗಿ 40, 50ರ ವಯಸ್ಸನ್ನೂ ಕಾಣುತ್ತಿದ್ದಾರೆ. ಜೀವ ಉಳಿದಿದೆ, ಆಯಸ್ಸು ಹೆಚ್ಚಿದೆ. ಅದರ ಜೊತೆಗೆ ಮೂಳೆ ಮತ್ತು ಕಿಡ್ನಿಯ ಸಮಸ್ಯೆಗಳೂ ಮುಂದೆ ಬಂದಿವೆ. ತೊಂದರೆ ಏನೆಂದರೆ, ಕಲ್ಲನ್ನು ನೋಡುವುದು ಯುರಾಲಜಿ ವಿಭಾಗ, ಮೂಳೆಯನ್ನು ನೋಡುವುದು ಆರ್ಥೋ ವಿಭಾಗ, ರಕ್ತವನ್ನು ನೋಡುವುದು ಹೆಮಟಾಲಜಿ ವಿಭಾಗ. ಮೂರನ್ನೂ ಒಟ್ಟಿಗೆ ಇಟ್ಟು ನೋಡುವವರು ಕಡಿಮೆ. ಹಾಗಾಗಿ ರೋಗಿ ಮತ್ತು ಮನೆಯವರಿಗೆ ಈ ನಂಟು ಗೊತ್ತಿರುವುದು ಬಹಳ ಮುಖ್ಯ.

ಮೊದಲಿಗೆ, ಥಲಸ್ಸೇಮಿಯಾ ಎಂದರೇನು?

ರಕ್ತಕ್ಕೆ ಕೆಂಪು ಬಣ್ಣ ಕೊಡುವ, ಆಮ್ಲಜನಕ ಹೊತ್ತೊಯ್ಯುವ ಪ್ರೋಟೀನ್ ಹಿಮೋಗ್ಲೋಬಿನ್. ಇದನ್ನು ತಯಾರಿಸಲು ಬೇಕಾದ ಜೀನ್‌ನಲ್ಲಿ ದೋಷವಿದ್ದರೆ ಹಿಮೋಗ್ಲೋಬಿನ್ ಸಾಕಷ್ಟು ತಯಾರಾಗುವುದಿಲ್ಲ. ತಂದೆ ಮತ್ತು ತಾಯಿ ಇಬ್ಬರಿಂದಲೂ ದೋಷವುಳ್ಳ ಬೀಟಾ ಗ್ಲೋಬಿನ್ ಜೀನ್ ಬಂದಾಗ ಮಗುವಿಗೆ ಥಲಸ್ಸೇಮಿಯಾ ಮೇಜರ್ ಬರುತ್ತದೆ. ಒಬ್ಬರಿಂದ ಮಾತ್ರ ಬಂದರೆ ಅದು ಥಲಸ್ಸೇಮಿಯಾ ಮೈನರ್, ಅಂದರೆ ಅವರು ಕೇವಲ ವಾಹಕರು. ಮೈನರ್ ಇರುವವರು ಸಾಮಾನ್ಯರಂತೆಯೇ ಬದುಕುತ್ತಾರೆ. ಈ ಲೇಖನದಲ್ಲಿ ಹೇಳುವ ತೊಂದರೆಗಳ ಬಗ್ಗೆ ಅವರು ಗಾಬರಿಯಾಗಬೇಕಿಲ್ಲ.

ಭಾರತದಲ್ಲಿ ಸರಾಸರಿ ಶೇ.3ರಿಂದ 4ರಷ್ಟು ಜನ ಬೀಟಾ ಥಲಸ್ಸೇಮಿಯಾ ವಾಹಕರು ಎಂಬುದು ಕೇಂದ್ರ ಆರೋಗ್ಯ ಇಲಾಖೆಯ ಲೆಕ್ಕ. ಅಂದರೆ 3.5 ಕೋಟಿಗೂ ಹೆಚ್ಚು ಜನ. ಸಿಂಧಿ, ಪಂಜಾಬಿ, ಗುಜರಾತಿ, ಬಂಗಾಳಿ, ಲೋಹಾಣಾ, ಕೋಲಿ, ಸಾರಸ್ವತ ಮುಂತಾದ ಸಮುದಾಯಗಳಲ್ಲಿ ಪ್ರಮಾಣ ಇನ್ನೂ ಹೆಚ್ಚು. ಹಾಗೆಂದು ಇದು ಯಾವುದೋ ಒಂದು ಜಾತಿಯ, ಒಂದು ಊರಿನ ಕಾಯಿಲೆಯಲ್ಲ. ಯಾವುದೇ ಕುಟುಂಬದಲ್ಲೂ ಕಾಣಿಸಿಕೊಳ್ಳಬಹುದು.

ಮೇಜರ್ ಇರುವವರಿಗೆ ಸಾಮಾನ್ಯವಾಗಿ ಎರಡರಿಂದ ಐದು ವಾರಕ್ಕೊಮ್ಮೆ ರಕ್ತ ಹಾಕಿಸಬೇಕಾಗುತ್ತದೆ. ಒಂದು ಯೂನಿಟ್ ರಕ್ತದಲ್ಲಿ ಸುಮಾರು 200ರಿಂದ 250 ಮಿಲಿಗ್ರಾಂ ಕಬ್ಬಿಣಾಂಶ ಇರುತ್ತದೆ. ನಮ್ಮ ದೇಹ ತಾನಾಗಿ ಹೊರಹಾಕುವುದು ದಿನಕ್ಕೆ 1ರಿಂದ 2 ಮಿಲಿಗ್ರಾಂ ಮಾತ್ರ. ಉಳಿದದ್ದು ಹೃದಯ, ಲಿವರ್, ಹಾರ್ಮೋನ್ ಗ್ರಂಥಿಗಳಲ್ಲಿ ಹೋಗಿ ಕೂರುತ್ತದೆ. ಇದನ್ನು ಹೊರತೆಗೆಯಲು ಡಿಫೆರಾಸಿರಾಕ್ಸ್, ಡಿಫೆರಿಪ್ರೋನ್ ಮಾತ್ರೆಗಳು ಅಥವಾ ಡಿಫೆರಾಕ್ಸಮಿನ್ ಇಂಜೆಕ್ಷನ್ ಬೇಕು. ಇವುಗಳಿಗೆ ಕೀಲೇಷನ್ ಔಷಧಿಗಳು ಎನ್ನುತ್ತಾರೆ.

ಮೂಳೆ ಟೊಳ್ಳಾಗುವುದೇಕೆ?

ಅಮೆರಿಕದ ಡೆಟ್ರಾಯಿಟ್‌ನ ಮಕ್ಕಳ ತಜ್ಞ ಥಾಮಸ್ ಕೂಲಿ 1925ರಲ್ಲಿ ಈ ಕಾಯಿಲೆಯನ್ನು ಮೊದಲು ವಿವರಿಸಿದಾಗ ಅವರ ಗಮನ ಸೆಳೆದ ಲಕ್ಷಣಗಳಲ್ಲಿ ಮೂಳೆಯ ಬದಲಾವಣೆಯೂ ಒಂದು. ಮಕ್ಕಳಲ್ಲಿ ರಕ್ತಹೀನತೆ, ಊದಿದ ಗುಲ್ಮ, ಜೊತೆಗೆ ಮುಖ ಮತ್ತು ತಲೆಯ ಮೂಳೆ ಉಬ್ಬಿದಂತೆ ಕಾಣುತ್ತಿತ್ತು. ಅಂದರೆ ಥಲಸ್ಸೇಮಿಯಾ ಮೊದಲಿನಿಂದಲೂ ಮೂಳೆಗೆ ಅಂಟಿಕೊಂಡ ಕಾಯಿಲೆಯೇ.

ಕಾರಣ ಸರಳ. ರಕ್ತಕಣಗಳು ಹುಟ್ಟುವುದು ಮೂಳೆಯೊಳಗಿನ ಅಸ್ಥಿಮಜ್ಜೆಯಲ್ಲಿ. ಸರಿಯಾದ ಕೆಂಪುಕಣ ತಯಾರಾಗುತ್ತಿಲ್ಲ ಎಂದು ಗೊತ್ತಾದಾಗ ದೇಹ ಮಜ್ಜೆಯ ಮೇಲೆ ಒತ್ತಡ ಹಾಕುತ್ತದೆ. ಮಜ್ಜೆ ಹಿಗ್ಗುತ್ತಾ ಹೋಗುತ್ತದೆ, ಅದಕ್ಕೆ ಜಾಗ ಬಿಟ್ಟುಕೊಟ್ಟು ಮೂಳೆಯ ಗಟ್ಟಿ ಪದರ ತೆಳುವಾಗುತ್ತದೆ. ಸಮಯಕ್ಕೆ ಸರಿಯಾಗಿ ರಕ್ತ ಹಾಕಿಸಿದರೆ ಮಜ್ಜೆಗೆ ವಿಶ್ರಾಂತಿ ಸಿಗುತ್ತದೆ. ರಕ್ತ ಹಾಕಿಸುವ ಮುನ್ನ ಹಿಮೋಗ್ಲೋಬಿನ್ 9.5ರಿಂದ 10.5 ಗ್ರಾಂ ಇರುವಂತೆ ನೋಡಿಕೊಳ್ಳಬೇಕು ಎಂದು ವೈದ್ಯರು ಹೇಳುವುದು ಇದಕ್ಕೂ ಸೇರಿಯೇ. 'ಇನ್ನೂ ಸುಸ್ತಾಗಿಲ್ಲ, ಮುಂದಿನ ವಾರ ಹಾಕಿಸೋಣ' ಎಂದು ಮುಂದೂಡಿದ ಪ್ರತಿ ಸಲವೂ ಬೆಲೆ ತೆರುವುದು ಮೂಳೆ.

ರಕ್ತ ಅಪರೂಪಕ್ಕೆ ಮಾತ್ರ ಬೇಕಾಗುವ ಥಲಸ್ಸೇಮಿಯಾ ಇಂಟರ್‌ಮೀಡಿಯಾದವರಿಗೆ ಮೂಳೆಯ ತೊಂದರೆ ಕಡಿಮೆ ಎಂಬ ನಂಬಿಕೆ ಇದೆ. ಅದು ತಪ್ಪು. ಅವರ ಮಜ್ಜೆಗೆ ವಿಶ್ರಾಂತಿಯೇ ಸಿಗದ ಕಾರಣ ಎಷ್ಟೋ ಸಲ ಅವರ ಮೂಳೆಯೇ ಹೆಚ್ಚು ದುರ್ಬಲವಾಗಿರುತ್ತದೆ.

ಎರಡನೇ ಕಾರಣ ಕಬ್ಬಿಣಾಂಶ. ಅದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ ತುಂಬಿಕೊಂಡರೆ ಹುಡುಗಿಯರಿಗೆ ಮುಟ್ಟು ತಡವಾಗುತ್ತದೆ ಅಥವಾ ನಿಲ್ಲುತ್ತದೆ, ಹುಡುಗರಿಗೆ ಮೀಸೆ ಬರುವುದು, ದನಿ ಒಡೆಯುವುದು ತಡವಾಗುತ್ತದೆ. ಈಸ್ಟ್ರೋಜನ್, ಟೆಸ್ಟೋಸ್ಟೆರಾನ್ ಇಲ್ಲದೆ ಮೂಳೆ ಗಟ್ಟಿಯಾಗುವುದಿಲ್ಲ. ಇದನ್ನು ಮನೆಯಲ್ಲಿ ಮುಜುಗರದ ವಿಷಯ ಎಂದು ಮುಚ್ಚಿಡುವುದೇ ಹೆಚ್ಚು. ಆದರೆ 13, 14 ವರ್ಷವಾದರೂ ಹರೆಯದ ಲಕ್ಷಣ ಕಾಣಿಸದಿದ್ದರೆ ಡಾಕ್ಟರ್ ಬಳಿ ಹೇಳಲೇಬೇಕು. ಹಾರ್ಮೋನ್ ಚಿಕಿತ್ಸೆ ಸಮಯಕ್ಕೆ ಶುರುವಾದರೆ ಮೂಳೆಗೂ ಲಾಭ.

ಇದರ ಜೊತೆಗೆ ಥೈರಾಯ್ಡ್ ಕೊರತೆ, ಸಕ್ಕರೆ ಕಾಯಿಲೆ, ವಿಟಮಿನ್ ಡಿ ಮತ್ತು ಸತುವಿನ ಕೊರತೆ, ಓಡಾಟ ಕಡಿಮೆಯಾಗುವುದು ಕೂಡ ಸೇರಿಕೊಳ್ಳುತ್ತವೆ. ಎಲ್ಲ ಸೇರಿ, ವಯಸ್ಸು 25 ದಾಟುವ ಮೊದಲೇ 60 ದಾಟಿದವರಂತೆ ಮೂಳೆ ಸವೆದಿರುವುದು ಈ ರೋಗಿಗಳಲ್ಲಿ ಅಪರೂಪವಲ್ಲ.

ಹಾಗಾದರೆ ಕಲ್ಲು ಎಲ್ಲಿಂದ ಬಂತು?

ಮೂಳೆಯಿಂದ ಕರಗಿದ ಕ್ಯಾಲ್ಸಿಯಂ ರಕ್ತಕ್ಕೆ ಬರುತ್ತದೆ. ರಕ್ತದಿಂದ ಕಿಡ್ನಿಗೆ ಹೋಗುತ್ತದೆ. ಆರೋಗ್ಯವಂತ ಕಿಡ್ನಿ ಅದರ ಹೆಚ್ಚಿನ ಭಾಗವನ್ನು ಮತ್ತೆ ಹೀರಿಕೊಂಡು ದೇಹಕ್ಕೆ ವಾಪಸ್ ಕೊಡುತ್ತದೆ. ಆದರೆ ದೀರ್ಘಕಾಲದ ರಕ್ತಹೀನತೆ ಮತ್ತು ಕಬ್ಬಿಣಾಂಶದಿಂದ ಕಿಡ್ನಿಯ ಸಣ್ಣ ಕೊಳವೆಗಳಿಗೆ ಪೆಟ್ಟು ಬಿದ್ದಿದ್ದರೆ ಕ್ಯಾಲ್ಸಿಯಂ ಮೂತ್ರದಲ್ಲಿ ಸೋರಿ ಹೋಗುತ್ತದೆ. ವೈದ್ಯರ ಭಾಷೆಯಲ್ಲಿ ಇದು ಹೈಪರ್‌ಕ್ಯಾಲ್ಸಿಯೂರಿಯಾ. ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚಾಗಿ, ನೀರು ಕಡಿಮೆಯಾದಾಗ ಅದು ಆಕ್ಸಲೇಟ್ ಜೊತೆ ಸೇರಿ ಹರಳುಗಟ್ಟುತ್ತದೆ. ಹರಳು ಬೆಳೆದು ಕಲ್ಲಾಗುತ್ತದೆ.

ಇದು ಬರೀ ಊಹೆಯಲ್ಲ. ಥಲಸ್ಸೇಮಿಯಾ ರೋಗಿಗಳ ಕಿಡ್ನಿ ಕುರಿತು ಅಮೆರಿಕದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಮೂವರಲ್ಲಿ ಒಬ್ಬರ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚಿರುವುದು ಕಂಡುಬಂದಿತ್ತು. ಆಸ್ಟ್ರೇಲಿಯಾದ ಮೆಲ್ಬರ್ನ್‌ನ ವೈದ್ಯರು 2013ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ನಿಯಮಿತವಾಗಿ ರಕ್ತ ಹಾಕಿಸಿಕೊಳ್ಳುವ 160ಕ್ಕೂ ಹೆಚ್ಚು ರೋಗಿಗಳ ಪೈಕಿ ಸುಮಾರು ಶೇ.18ರಷ್ಟು ಜನರಿಗೆ ಕಿಡ್ನಿ ಸ್ಟೋನ್ ಇತ್ತು. ಕಲ್ಲು ಇರುವುದಕ್ಕೂ, ಸೊಂಟದ ಭಾಗದ ಮೂಳೆ ಸಾಂದ್ರತೆ ಕಡಿಮೆ ಇರುವುದಕ್ಕೂ, ಮೂಳೆ ಮುರಿತಕ್ಕೂ ನಂಟಿದೆ ಎಂದು ಆ ಅಧ್ಯಯನ ತೋರಿಸಿತು. ಈ ಲೇಖನದ ಮುಖ್ಯ ವಿಷಯವೂ ಅದೇ. ಥಲಸ್ಸೇಮಿಯಾ ರೋಗಿಗೆ ಕಲ್ಲು ಕಂಡುಬಂದರೆ ಮೂಳೆಯನ್ನೂ ಪರೀಕ್ಷಿಸಬೇಕು, ಮೂಳೆ ಸವೆದಿದ್ದರೆ ಮೂತ್ರವನ್ನೂ ಪರೀಕ್ಷಿಸಬೇಕು.

ಎಲ್ಲ ಕಲ್ಲುಗಳೂ ಕ್ಯಾಲ್ಸಿಯಂ ಕಲ್ಲುಗಳಲ್ಲ. ಮಜ್ಜೆಯಲ್ಲಿ ಕಣಗಳು ಹುಟ್ಟಿ ಸಾಯುವ ವೇಗ ಹೆಚ್ಚಿದಾಗ ಯೂರಿಕ್ ಆಸಿಡ್ ಹೆಚ್ಚುತ್ತದೆ, ಅದರಿಂದಲೂ ಕಲ್ಲಾಗುತ್ತದೆ. ಇಂಟರ್‌ಮೀಡಿಯಾದವರಲ್ಲಿ ಈ ಸಾಧ್ಯತೆ ಹೆಚ್ಚು. ಯೂರಿಕ್ ಆಸಿಡ್ ಕಲ್ಲು ಸಾಮಾನ್ಯ ಎಕ್ಸ್‌ರೇಯಲ್ಲಿ ಕಾಣಿಸುವುದಿಲ್ಲ, ಅಲ್ಟ್ರಾಸೌಂಡ್ ಅಥವಾ ಸಿಟಿ ಸ್ಕ್ಯಾನ್ ಬೇಕು. ಕಲ್ಲು ಹೊರಬಿದ್ದರೆ ಎಸೆಯಬೇಡಿ. ಸಣ್ಣ ಡಬ್ಬಿಯಲ್ಲಿ ಹಾಕಿ ಡಾಕ್ಟರ್‌ಗೆ ಕೊಡಿ. ಕಲ್ಲು ಯಾವುದರಿಂದ ಆಗಿದೆ ಎಂದು ಗೊತ್ತಾದರೆ ಮುಂದಿನ ಚಿಕಿತ್ಸೆಯೇ ಬದಲಾಗುತ್ತದೆ.

ಕಬ್ಬಿಣಾಂಶ ತೆಗೆಯುವ ಮಾತ್ರೆಯ ಪಾತ್ರ ಏನು?

ಡಿಫೆರಾಸಿರಾಕ್ಸ್ ಬಂದ ಮೇಲೆ ರೋಗಿಗಳ ಬದುಕು ಹಗುರವಾಯಿತು ಎಂಬುದರಲ್ಲಿ ಎರಡು ಮಾತಿಲ್ಲ. ಅದಕ್ಕೂ ಮೊದಲು ರಾತ್ರಿಯಿಡೀ ಹೊಟ್ಟೆಗೆ ಸೂಜಿ ಚುಚ್ಚಿಕೊಂಡು ಪಂಪ್ ಇಟ್ಟುಕೊಂಡು ಮಲಗಬೇಕಿತ್ತು. ಈಗ ದಿನಕ್ಕೊಮ್ಮೆ ಮಾತ್ರೆ ಸಾಕು. ಆದರೆ ಈ ಮಾತ್ರೆ ಕಿಡ್ನಿಯ ಮೇಲೆ ಪರಿಣಾಮ ಬೀರಬಲ್ಲದು. ಸುಮಾರು ಮೂವರಲ್ಲಿ ಒಬ್ಬರಿಗೆ ಕ್ರಿಯೇಟಿನಿನ್ ಸ್ವಲ್ಪ ಏರುತ್ತದೆ, ಹೆಚ್ಚಿನವರಲ್ಲಿ ಅದು ಗಂಭೀರವಾಗುವುದಿಲ್ಲ. ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚಾಗುವುದಕ್ಕೂ ಈ ಔಷಧಿಗೂ ಸಂಬಂಧ ಕಂಡುಬಂದಿದೆ.

ಕೆಲವೇ ಕೆಲವರಲ್ಲಿ ಕಿಡ್ನಿಯ ಕೊಳವೆಗಳು ಫಾಸ್ಫೇಟ್, ಗ್ಲೂಕೋಸ್, ಬೈಕಾರ್ಬೊನೇಟ್ ಎಲ್ಲವನ್ನೂ ಸೋರಿಸಲು ಶುರುಮಾಡುತ್ತವೆ. ಇದಕ್ಕೆ ಫ್ಯಾಂಕೋನಿ ಸಿಂಡ್ರೋಮ್ ಎಂದು ಹೆಸರು. ಫಾಸ್ಫೇಟ್ ಸೋರಿದರೆ ಮೂಳೆ ಮೆತ್ತಗಾಗುತ್ತದೆ. ಕಾಲು, ಸೊಂಟ, ಪಕ್ಕೆಲುಬಿನಲ್ಲಿ ನೋವು, ನಡೆಯಲು ಕಷ್ಟ, ಸ್ನಾಯು ದೌರ್ಬಲ್ಯ ಇದರ ಲಕ್ಷಣ. ಸಮಯಕ್ಕೆ ಪತ್ತೆಯಾಗಿ ಔಷಧಿ ನಿಲ್ಲಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಹಾಗಾಗಿಯೇ ಈ ಮಾತ್ರೆ ತೆಗೆದುಕೊಳ್ಳುವವರು ತಿಂಗಳಿಗೊಮ್ಮೆ ಕ್ರಿಯೇಟಿನಿನ್ ಮತ್ತು ಮೂತ್ರದ ಪ್ರೋಟೀನ್ ಪರೀಕ್ಷೆ ಮಾಡಿಸಬೇಕು.

ಇಲ್ಲಿ ಒಂದು ಎಚ್ಚರಿಕೆ. 'ಮಾತ್ರೆಯಿಂದಲೇ ಕಲ್ಲು ಬಂತು' ಎಂದು ಯಾರೋ ಹೇಳಿದ್ದನ್ನು ಕೇಳಿ ಕೀಲೇಷನ್ ಔಷಧಿಯನ್ನು ನೀವಾಗಿಯೇ ನಿಲ್ಲಿಸಬೇಡಿ. ಕಲ್ಲು ನೋವು ಕೊಡುತ್ತದೆ, ಆದರೆ ಹೃದಯದಲ್ಲಿ ತುಂಬಿದ ಕಬ್ಬಿಣಾಂಶ ಜೀವ ತೆಗೆಯುತ್ತದೆ. ಡೋಸ್ ಕಡಿಮೆ ಮಾಡಬೇಕೇ, ಬೇರೆ ಔಷಧಿಗೆ ಬದಲಾಯಿಸಬೇಕೇ ಎಂಬುದನ್ನು ಹೆಮಟಾಲಜಿಸ್ಟ್ ನಿರ್ಧರಿಸಲಿ. ವಾಂತಿ, ಭೇದಿ, ಜ್ವರ ಬಂದು ದೇಹದಲ್ಲಿ ನೀರು ಕಡಿಮೆಯಾದಾಗ ಮಾತ್ರ ಡಿಫೆರಾಸಿರಾಕ್ಸ್‌ ಅನ್ನು ತಾತ್ಕಾಲಿಕವಾಗಿ ನಿಲ್ಲಿಸಲು ವೈದ್ಯರು ಹೇಳಬಹುದು. ಅಂತಹ ದಿನ ಮೊದಲು ಅವರಿಗೆ ಫೋನ್ ಮಾಡಿ ಕೇಳಿ, ಮುಖ್ಯವಾಗಿ ಮಕ್ಕಳ ವಿಷಯದಲ್ಲಿ.

ಕಲ್ಲು ಬಂದರೆ ಕ್ಯಾಲ್ಸಿಯಂ ಬಿಡಬೇಕಾ?

ಹೆಚ್ಚು ಜನ ಕೇಳುವ ಪ್ರಶ್ನೆ ಇದು. ಹೆಚ್ಚು ಜನ ತಪ್ಪು ಮಾಡುವುದೂ ಇಲ್ಲಿಯೇ. ಕಲ್ಲಿನಲ್ಲಿ ಕ್ಯಾಲ್ಸಿಯಂ ಇದೆ, ಆದ್ದರಿಂದ ಹಾಲು, ಮೊಸರು, ರಾಗಿ ಎಲ್ಲ ಬಂದ್ ಎಂಬ ಲೆಕ್ಕಾಚಾರ ಮನೆಗಳಲ್ಲಿ ನಡೆಯುತ್ತದೆ. ಇದರಿಂದ ಎರಡು ನಷ್ಟ. ಮೊದಲನೆಯದು, ಈಗಾಗಲೇ ಸವೆದ ಮೂಳೆಗೆ ಸಿಗುತ್ತಿದ್ದ ಅಲ್ಪಸ್ವಲ್ಪವೂ ತಪ್ಪುತ್ತದೆ. ಎರಡನೆಯದು, ಊಟದಲ್ಲಿರುವ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟ್ ಅನ್ನು ಹಿಡಿದು ಮಲದಲ್ಲಿ ಹೊರಹಾಕುತ್ತದೆ. ಊಟದಲ್ಲಿ ಕ್ಯಾಲ್ಸಿಯಂ ಇಲ್ಲದಿದ್ದರೆ ಆ ಆಕ್ಸಲೇಟ್ ರಕ್ತಕ್ಕೆ ಸೇರಿ ಕಿಡ್ನಿಗೆ ಹೋಗುತ್ತದೆ, ಕಲ್ಲಿನ ಅಪಾಯ ಹೆಚ್ಚುತ್ತದೆ.

ಹಾಗಾಗಿ ಊಟದ ಕ್ಯಾಲ್ಸಿಯಂ ಬಿಡುವಂತಿಲ್ಲ. ಭಾರತೀಯ ವಯಸ್ಕರಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು ಎಂಬುದು ಐಸಿಎಂಆರ್ ಶಿಫಾರಸು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಮುಂಬೈ, ದಿಲ್ಲಿಯ ಅಂಗಡಿಗಳಲ್ಲಿ ರಾಗಿ ಹಿಟ್ಟನ್ನು 'ನಾಚ್ನಿ', 'ಮಂಡುವಾ' ಎಂದು ಕೇಳಿದರೆ ಸಿಗುತ್ತದೆ. ಜೊತೆಗೆ ಎರಡು ಲೋಟ ಹಾಲು, ಮೊಸರು ಅಥವಾ ಮಜ್ಜಿಗೆ ಇದ್ದರೆ ದಿನದ ಬಹುಪಾಲು ಅಗತ್ಯ ಅಡುಗೆಮನೆಯಲ್ಲೇ ಮುಗಿಯುತ್ತದೆ. ಮಜ್ಜಿಗೆಗೆ ಉಪ್ಪು ಹಾಕುವುದು ಬೇಡ.

ಮಾತ್ರೆಯ ರೂಪದ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ವಿಷಯ ಬೇರೆ. ಮೂತ್ರದಲ್ಲಿ ಮೊದಲೇ ಕ್ಯಾಲ್ಸಿಯಂ ಸೋರುತ್ತಿದ್ದರೆ ಮಾತ್ರೆಯಿಂದ ಸೋರಿಕೆ ಹೆಚ್ಚಬಹುದು. ಕೆಲವು ರೋಗಿಗಳಿಗೆ ಕಬ್ಬಿಣಾಂಶದಿಂದ ಪ್ಯಾರಾಥೈರಾಯ್ಡ್ ಗ್ರಂಥಿ ಕೆಟ್ಟಿರುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದು ಬೆರಳು ಜುಮ್ಮೆನ್ನುವುದು, ಸ್ನಾಯು ಸೆಳೆತ, ಫಿಟ್ಸ್ ಕೂಡ ಬರಬಹುದು. ಅವರಿಗೆ ಕ್ಯಾಲ್ಸಿಯಂ ಮತ್ತು ಕ್ಯಾಲ್ಸಿಟ್ರಿಯಾಲ್ ಮಾತ್ರೆ ಕೊಡಲೇಬೇಕು. ಆದರೆ ಅದೇ ಚಿಕಿತ್ಸೆಯಿಂದ ಮೂತ್ರದಲ್ಲಿ ಕ್ಯಾಲ್ಸಿಯಂ ಏರಿ ಕಲ್ಲಾಗುವುದೂ ಉಂಟು. ಇಂಥವರು ಮಾತ್ರೆ ನಿಲ್ಲಿಸಿದರೂ ಅಪಾಯ, ಪರೀಕ್ಷೆ ಇಲ್ಲದೆ ನುಂಗುತ್ತಾ ಹೋದರೂ ಅಪಾಯ. ರಕ್ತ ಮತ್ತು ಮೂತ್ರದ ಕ್ಯಾಲ್ಸಿಯಂ ನೋಡಿಕೊಂಡು ಡೋಸ್ ಹೊಂದಿಸುವುದೊಂದೇ ದಾರಿ. ಹಾಗೆಯೇ 60,000 ಯೂನಿಟ್‌ನ ವಿಟಮಿನ್ ಡಿ ಪುಡಿಯನ್ನು ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದು ಲೆಕ್ಕವಿಲ್ಲದೆ ಕುಡಿಯುವುದನ್ನು ಬಿಡಿ.

ಊಟ, ನೀರು: ಏನು ಮಾಡಬೇಕು, ಏನು ಬೇಡ?

1. ನೀರು: ಕಲ್ಲು ಬಂದವರಿಗೆ ದಿನಕ್ಕೆ 2ರಿಂದ 2.5 ಲೀಟರ್ ಮೂತ್ರ ಹೋಗುವಷ್ಟು ನೀರು ಬೇಕು. ಚೆನ್ನೈ, ಹೈದರಾಬಾದ್, ದಿಲ್ಲಿಯ ಬೇಸಿಗೆಯಲ್ಲಿ ಬೆವರಾಗಿ ಹೋಗುವುದನ್ನೂ ಸೇರಿಸಿದರೆ ಇನ್ನೂ ಹೆಚ್ಚು ಕುಡಿಯಬೇಕಾಗುತ್ತದೆ. ಮೂತ್ರ ತಿಳಿ ಬಣ್ಣದಲ್ಲಿದ್ದರೆ ನೀರು ಸಾಕಾಗಿದೆ ಎಂದರ್ಥ. ಕೆಲವು ಕೀಲೇಷನ್ ಔಷಧಿಗಳಿಂದ ಮೂತ್ರ ಕೆಂಪಗಾಗುವುದುಂಟು, ಅದನ್ನು ಡಾಕ್ಟರ್ ಬಳಿ ಕೇಳಿ ತಿಳಿದುಕೊಳ್ಳಿ. ಹೃದಯದ ತೊಂದರೆ ಇರುವವರು ಎಷ್ಟು ನೀರು ಕುಡಿಯಬೇಕು ಎಂದು ವೈದ್ಯರನ್ನು ಕೇಳಿಯೇ ಕುಡಿಯಿರಿ.

2. ಉಪ್ಪು: ಉಪ್ಪು ಹೆಚ್ಚಾದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚು ಹೋಗುತ್ತದೆ. ಅಂದರೆ ಕಲ್ಲಿಗೂ ಮೂಳೆಗೂ ಒಂದೇ ಶತ್ರು. ದಿನಕ್ಕೆ 5 ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಿಪ್ಸ್, ಇನ್‌ಸ್ಟಂಟ್ ನೂಡಲ್ಸ್ ಕಡಿಮೆ ಮಾಡಿ.

3. ಪಾಲಕ್: ಪಾಲಕ್ ಸೊಪ್ಪಿನಲ್ಲಿ ಆಕ್ಸಲೇಟ್ ಬಹಳ ಹೆಚ್ಚು. ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು ಇರುವವರು ಇದನ್ನು ಮಿತಿಗೊಳಿಸುವುದು ಒಳ್ಳೆಯದು.

4. ವಿಟಮಿನ್ ಸಿ ಮಾತ್ರೆ: ರೋಗನಿರೋಧಕ ಶಕ್ತಿಗೆ ಎಂದು ಚಪ್ಪರಿಸುವ ಈ ಮಾತ್ರೆಯನ್ನು ಸ್ವಂತ ನಿರ್ಧಾರದಿಂದ ತೆಗೆದುಕೊಳ್ಳಬೇಡಿ. ಹೆಚ್ಚಾದರೆ ಅದು ಆಕ್ಸಲೇಟ್ ಆಗಿ ಬದಲಾಗುತ್ತದೆ. ಕಬ್ಬಿಣಾಂಶ ತುಂಬಿರುವ ದೇಹದಲ್ಲಿ ಹೃದಯಕ್ಕೂ ಹಾನಿ ಮಾಡಬಲ್ಲದು.

5. ರಕ್ತ ಹೆಚ್ಚಿಸುವ ಟಾನಿಕ್: ಕಬ್ಬಿಣಾಂಶ ಇರುವ ಯಾವ ಟಾನಿಕ್ಕೂ, ಭಸ್ಮವೂ ವೈದ್ಯರನ್ನು ಕೇಳದೆ ಬೇಡ. ನಿಯಮಿತವಾಗಿ ರಕ್ತ ಹಾಕಿಸಿಕೊಳ್ಳುವವರಿಗೆ ಇದು ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ.

6. ಬಾಳೆದಿಂಡಿನ ರಸ: ಪಲ್ಯ, ಕೋಸಂಬರಿ ಮಾಡಿ ತಿನ್ನಲು ಅಡ್ಡಿಯಿಲ್ಲ. ಆದರೆ ರಸ ಕುಡಿದು ದೊಡ್ಡ ಕಲ್ಲು ಕರಗುತ್ತದೆ ಎಂದು ತಿಂಗಳುಗಟ್ಟಲೆ ಕಾಯಬೇಡಿ. ಮೂತ್ರನಾಳ ಕಟ್ಟಿಕೊಂಡರೆ ಕಿಡ್ನಿಗೇ ಹಾನಿ.

7. ನಡಿಗೆ ಮತ್ತು ಬಿಸಿಲು: ದಿನವೂ ನಡೆಯುವುದು, ಮೆಟ್ಟಿಲು ಹತ್ತುವುದು ಮೂಳೆಗೆ ಒಳ್ಳೆಯದು. ಫ್ಲ್ಯಾಟ್‌ನೊಳಗೇ ದಿನ ಕಳೆಯುವವರು ಸ್ವಲ್ಪ ಹೊತ್ತಾದರೂ ಬಿಸಿಲಿಗೆ ಬನ್ನಿ. ಗುಲ್ಮ ಊದಿಕೊಂಡಿದ್ದರೆ ಕಬಡ್ಡಿಯಂತಹ ಮೈ ತಾಗುವ ಆಟ ಬೇಡ. ಸಿಗರೇಟು ಮೂಳೆಯ ಶತ್ರು, ಅದಂತೂ ಬೇಡವೇ ಬೇಡ.

ನೋವು ಬಂದಾಗ: ಕಿಡ್ನಿ ಕಲ್ಲೋ, ಪಿತ್ತಕೋಶದ ಕಲ್ಲೋ?

ಥಲಸ್ಸೇಮಿಯಾ ಮತ್ತು ಸಿಕಲ್ ಸೆಲ್ ರೋಗಿಗಳಲ್ಲಿ ಪಿತ್ತಕೋಶದ ಕಲ್ಲು ಕೂಡ ಸಾಮಾನ್ಯ. ಕೆಂಪುಕಣ ಒಡೆದಾಗ ಬರುವ ಬಿಲಿರುಬಿನ್ ಪಿತ್ತಕೋಶದಲ್ಲಿ ಗಟ್ಟಿಯಾಗಿ ಈ ಕಲ್ಲಾಗುತ್ತದೆ. ಮನೆಯಲ್ಲಿ ಎರಡನ್ನೂ 'ಸ್ಟೋನ್' ಎಂದೇ ಹೇಳುವುದರಿಂದ ಗೊಂದಲವಾಗುತ್ತದೆ.

ಸಾಮಾನ್ಯವಾಗಿ ಬೆನ್ನಿನ ಒಂದು ಪಕ್ಕದಿಂದ ಶುರುವಾಗಿ ಹೊಟ್ಟೆಯ ಕೆಳಭಾಗ, ತೊಡೆಸಂದಿಗೆ ಇಳಿಯುವ, ಅಲೆಅಲೆಯಾಗಿ ಬರುವ ನೋವು, ಮೂತ್ರದಲ್ಲಿ ರಕ್ತ ಇದ್ದರೆ ಅದು ಕಿಡ್ನಿ ಕಲ್ಲಿನ ಸೂಚನೆ. ಹೊಟ್ಟೆಯ ಮೇಲ್ಭಾಗದಲ್ಲಿ ಬಲಕ್ಕೆ, ಎಣ್ಣೆ ಪದಾರ್ಥ ತಿಂದ ಮೇಲೆ ನೋವು ಬಂದು ಬಲ ಭುಜದವರೆಗೆ ಹೋದರೆ ಪಿತ್ತಕೋಶದ ಕಡೆ ನೋಡಬೇಕು. ಬೆನ್ನಿನ ಮಧ್ಯದಲ್ಲಿ, ಬಗ್ಗಿದಾಗ ಅಥವಾ ಭಾರ ಎತ್ತಿದಾಗ ನೋವು ಬಂದರೆ ಬೆನ್ನುಮೂಳೆ ಕುಸಿದಿರಬಹುದು. ಇಂತಹ ಮುರಿತ ಎಷ್ಟೋ ಸಲ ನೋವೇ ಇಲ್ಲದೆ ಆಗುತ್ತದೆ, ಎತ್ತರ ಒಂದೆರಡು ಸೆಂಟಿಮೀಟರ್ ಕಡಿಮೆಯಾದಾಗಲೇ ಗೊತ್ತಾಗುವುದು.

ನೋವು ತಡೆಯಲಾರದೆ ಮೆಡಿಕಲ್ ಶಾಪ್‌ನಿಂದ ಡೈಕ್ಲೋಫೆನಾಕ್, ಐಬುಪ್ರೊಫೇನ್ ತಂದು ನುಂಗುವುದು ಸಾಮಾನ್ಯ ಅಭ್ಯಾಸ. ಡಿಫೆರಾಸಿರಾಕ್ಸ್ ತೆಗೆದುಕೊಳ್ಳುವವರಿಗೆ ಇದು ಅಪಾಯ. ಕಿಡ್ನಿಗೂ ಹೊರೆ, ಹೊಟ್ಟೆಯಲ್ಲಿ ರಕ್ತಸ್ರಾವದ ಸಾಧ್ಯತೆಯೂ ಹೆಚ್ಚು. ಆಸ್ಪತ್ರೆಯ ಎಮರ್ಜೆನ್ಸಿಗೆ ಹೋದಾಗ ಮೊದಲ ಮಾತಿನಲ್ಲೇ 'ಥಲಸ್ಸೇಮಿಯಾ ಇದೆ, ಈ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ' ಎಂದು ಹೇಳಿ.

ಸಿಕಲ್ ಸೆಲ್, ಹಿಮೋಫಿಲಿಯಾ ಇದ್ದರೆ?

ಸಿಕಲ್ ಸೆಲ್ ಕಾಯಿಲೆಯಲ್ಲಿ ಕೆಂಪುಕಣ ಕುಡಗೋಲಿನ ಆಕಾರಕ್ಕೆ ತಿರುಗಿ ಸಣ್ಣ ರಕ್ತನಾಳಗಳನ್ನು ಮುಚ್ಚುತ್ತದೆ. ಇದರಿಂದ ಕಿಡ್ನಿಗೆ ನೀರು ಹಿಡಿದಿಡುವ ಶಕ್ತಿ ಕುಂದುತ್ತದೆ, ಪದೇಪದೇ ಮೂತ್ರ ಹೋಗಿ ದೇಹ ಬೇಗ ಒಣಗುತ್ತದೆ. ಕಿಡ್ನಿಯ ಒಳಭಾಗದ ಅಂಗಾಂಶ ಸತ್ತು ಮೂತ್ರದಲ್ಲಿ ರಕ್ತ ಬರಬಹುದು, ಕಲ್ಲಿನಂತೆಯೇ ನೋವೂ ಬರಬಹುದು. ಸ್ಕ್ಯಾನ್ ಇಲ್ಲದೆ ಇದನ್ನು ಕಲ್ಲು ಎಂದು ತೀರ್ಮಾನಿಸುವಂತಿಲ್ಲ. ಮೂಳೆಯ ವಿಷಯದಲ್ಲಿ ದೊಡ್ಡ ಪೆಟ್ಟು ಬೀಳುವುದು ಸೊಂಟದ ಕೀಲಿಗೆ. ರಕ್ತ ಸಿಗದೆ ತೊಡೆಮೂಳೆಯ ತಲೆಭಾಗ ಸಾಯುತ್ತದೆ, ಚಿಕ್ಕ ವಯಸ್ಸಿನಲ್ಲೇ ಕುಂಟುವಂತಾಗುತ್ತದೆ. ಕೇಂದ್ರ ಸರ್ಕಾರ 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಆರಂಭಿಸಿದ ಸಿಕಲ್ ಸೆಲ್ ನಿರ್ಮೂಲನಾ ಮಿಷನ್ ವ್ಯಾಪ್ತಿಯಲ್ಲಿ ಕರ್ನಾಟಕವೂ ಸೇರಿ 17 ರಾಜ್ಯಗಳಿವೆ.

ಹಿಮೋಫಿಲಿಯಾ ಇರುವವರಲ್ಲೂ ಮೂಳೆ ಸಾಂದ್ರತೆ ಕಡಿಮೆ ಇರುತ್ತದೆ. ಕೀಲಿನಲ್ಲಿ ರಕ್ತಸ್ರಾವವಾಗುವ ಭಯದಿಂದ ಓಡಾಟ ತಗ್ಗುವುದು ಇದಕ್ಕೆ ಒಂದು ಕಾರಣ. ಅವರಿಗೆ ಮೂತ್ರದಲ್ಲಿ ರಕ್ತ ಬಂದಾಗ ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆಯನ್ನು ಸ್ವಂತವಾಗಿ ತೆಗೆದುಕೊಳ್ಳಬಾರದು. ಮೂತ್ರನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಕಟ್ಟಿಕೊಳ್ಳುವ ಅಪಾಯವಿದೆ.

ಯಾವ ಪರೀಕ್ಷೆ ಮಾಡಿಸಬೇಕು?

ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಅನ್ನು ಥಲಸ್ಸೇಮಿಯಾ ಮಕ್ಕಳಿಗೆ ಸುಮಾರು 10 ವರ್ಷದ ಬಳಿಕ, ಹರೆಯಕ್ಕೆ ಕಾಲಿಡುವಾಗಲೇ ಶುರು ಮಾಡಬೇಕು. ಎಷ್ಟು ಅಂತರದಲ್ಲಿ ಮರುಪರೀಕ್ಷೆ ಎಂಬುದನ್ನು ವೈದ್ಯರು ಹೇಳುತ್ತಾರೆ. ಇದು ನೋವಿಲ್ಲದ, ಕೆಲವೇ ನಿಮಿಷದ ಪರೀಕ್ಷೆ. ಯುವಕರ ರಿಪೋರ್ಟ್‌ನಲ್ಲಿ ನೋಡಬೇಕಾದ್ದು ಝಡ್ ಸ್ಕೋರ್. ಅದು ಮೈನಸ್ 2 ಅಥವಾ ಅದಕ್ಕಿಂತ ಕೆಳಗಿದ್ದರೆ ವಯಸ್ಸಿಗೆ ತಕ್ಕ ಮೂಳೆ ಇಲ್ಲ ಎಂದರ್ಥ. ಬೆನ್ನುನೋವು ಇದ್ದರೆ ಬೆನ್ನುಮೂಳೆಯ ಪಕ್ಕದಿಂದ ತೆಗೆದ ಎಕ್ಸ್‌ರೇ ಕೂಡ ಬೇಕಾಗಬಹುದು.

ಕಿಡ್ನಿಗೆ ಸಂಬಂಧಿಸಿದಂತೆ ಕ್ರಿಯೇಟಿನಿನ್, ಮೂತ್ರದ ಸಾಮಾನ್ಯ ಪರೀಕ್ಷೆ, ಮೂತ್ರದ ಕ್ಯಾಲ್ಸಿಯಂ ಮತ್ತು ಕ್ರಿಯೇಟಿನಿನ್ ಅನುಪಾತ, ಅಲ್ಟ್ರಾಸೌಂಡ್ ಸಾಕು. ಅಗತ್ಯವಿದ್ದರೆ 24 ಗಂಟೆಯ ಮೂತ್ರ ಸಂಗ್ರಹಿಸಿ ಕ್ಯಾಲ್ಸಿಯಂ ನೋಡುತ್ತಾರೆ. ವಯಸ್ಕ ಮಹಿಳೆಯರಲ್ಲಿ 250, ಪುರುಷರಲ್ಲಿ 300 ಮಿಲಿಗ್ರಾಂ ದಾಟಿದರೆ ಹೆಚ್ಚು ಎಂದು ಪರಿಗಣಿಸಲಾಗುತ್ತದೆ. ಇದರ ಜೊತೆ ರಕ್ತದಲ್ಲಿ ಕ್ಯಾಲ್ಸಿಯಂ, ಫಾಸ್ಫರಸ್, ವಿಟಮಿನ್ ಡಿ, ಪ್ಯಾರಾಥೈರಾಯ್ಡ್ ಹಾರ್ಮೋನ್, ಯೂರಿಕ್ ಆಸಿಡ್ ನೋಡಿದರೆ ಚಿತ್ರ ಪೂರ್ಣವಾಗುತ್ತದೆ. ಇವುಗಳಲ್ಲಿ ಹೆಚ್ಚಿನವನ್ನು ರಕ್ತ ಹಾಕಿಸಲು ಹೋದ ದಿನವೇ ಮಾಡಿಸಬಹುದು, ಬೇರೆ ರಜೆ ಹಾಕಬೇಕಿಲ್ಲ.

ಚಿಕಿತ್ಸೆ ಇದೆಯಾ?

ಇದೆ. ಮೂತ್ರದ ಕ್ಯಾಲ್ಸಿಯಂ ಸೋರಿಕೆ ತಗ್ಗಿಸಲು ಥಯಾಜೈಡ್ ಗುಂಪಿನ ಮಾತ್ರೆ, ಕಲ್ಲಾಗದಂತೆ ತಡೆಯಲು ಸಿಟ್ರೇಟ್ ಔಷಧಿ ಕೊಡುವುದುಂಟು. ಮೂಳೆ ತೀರಾ ಸವೆದಿದ್ದರೆ ಝೊಲೆಡ್ರೊನಿಕ್ ಆಸಿಡ್‌ನಂತಹ ಇಂಜೆಕ್ಷನ್‌ಗಳಿವೆ. ಇದನ್ನು ಕೊಡುವ ಮೊದಲು ಕಿಡ್ನಿ ಚೆನ್ನಾಗಿದೆಯೇ, ವಿಟಮಿನ್ ಡಿ ಸಾಕಷ್ಟಿದೆಯೇ ಎಂದು ನೋಡಬೇಕು. ಹಲ್ಲು ಕೀಳಿಸುವುದಿದ್ದರೆ ಅದನ್ನು ಇಂಜೆಕ್ಷನ್‌ಗೆ ಮೊದಲೇ ಮುಗಿಸಿಕೊಳ್ಳಬೇಕು. ಹಾರ್ಮೋನ್ ಕೊರತೆಗೆ ಹಾರ್ಮೋನ್ ಚಿಕಿತ್ಸೆ ಬೇಕು. ಆದರೆ ಇವೆಲ್ಲಕ್ಕೂ ತಳಪಾಯ ಎರಡೇ: ಸಮಯಕ್ಕೆ ರಕ್ತ, ತಪ್ಪದೇ ಕೀಲೇಷನ್.

ಊರು ಬದಲಾಯಿಸುವವರು ಗಮನಿಸಿ

ಕೆಲಸಕ್ಕಾಗಿ ಹುಬ್ಬಳ್ಳಿಯಿಂದ ಪುಣೆಗೆ, ಬೆಂಗಳೂರಿನಿಂದ ಹೈದರಾಬಾದ್‌ಗೆ ಹೋಗುವ ಕುಟುಂಬಗಳಲ್ಲಿ ಥಲಸ್ಸೇಮಿಯಾ ಇರುವವರಿದ್ದರೆ ಮೊದಲು ಹುಡುಕುವುದು ರಕ್ತ ಹಾಕಿಸುವ ಕೇಂದ್ರವನ್ನು. ಅದು ಸಹಜ. ಆದರೆ ಹಳೆಯ ಡೆಕ್ಸಾ ರಿಪೋರ್ಟ್, ಸ್ಕ್ಯಾನ್, ಕ್ರಿಯೇಟಿನಿನ್ ಲೆಕ್ಕ ಹಿಂದಿನ ಊರಿನ ಆಸ್ಪತ್ರೆಯಲ್ಲೇ ಉಳಿದುಬಿಡುತ್ತವೆ. ಹೊಸ ಡಾಕ್ಟರ್‌ಗೆ ಮೂಳೆ ಎಷ್ಟು ಸವೆದಿದೆ, ಕ್ರಿಯೇಟಿನಿನ್ ಎಷ್ಟು ಏರಿದೆ ಎಂದು ಹೋಲಿಸಲು ಏನೂ ಇರುವುದಿಲ್ಲ. ಎಲ್ಲ ರಿಪೋರ್ಟ್‌ಗಳ ಫೋಟೋ ತೆಗೆದು ಮೊಬೈಲ್‌ನಲ್ಲಿ ಒಂದೇ ಫೋಲ್ಡರ್‌ನಲ್ಲಿ ಇಟ್ಟುಕೊಳ್ಳಿ.

ಮುಂಬೈನಲ್ಲಿ ಬಿಎಂಸಿ ನಡೆಸುವ ಬೊರಿವಲಿಯ ಥಲಸ್ಸೇಮಿಯಾ ಕೇಂದ್ರ, ಹೈದರಾಬಾದ್‌ನ ಥಲಸ್ಸೇಮಿಯಾ ಅಂಡ್ ಸಿಕಲ್ ಸೆಲ್ ಸೊಸೈಟಿ, ದಿಲ್ಲಿಯ ಏಮ್ಸ್, ವೆಲ್ಲೂರಿನ ಸಿಎಂಸಿ ಈ ಕಾಯಿಲೆಗಳ ಚಿಕಿತ್ಸೆಗೆ ಹೆಸರಾದ ಸ್ಥಳಗಳು. ಥಲಸ್ಸೇಮಿಯಾ, ಸಿಕಲ್ ಸೆಲ್, ಹಿಮೋಫಿಲಿಯಾ ಮೂರೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿವೆ. ಪ್ರಮಾಣಪತ್ರ ಮಾಡಿಸಿಕೊಂಡಿದ್ದರೆ ಊರು ಬದಲಾದರೂ ಉಪಯೋಗಕ್ಕೆ ಬರುತ್ತದೆ.

ತಕ್ಷಣ ಆಸ್ಪತ್ರೆಗೆ ಹೋಗಬೇಕಾದ್ದು ಯಾವಾಗ?

ಕಲ್ಲಿನ ನೋವಿನ ಜೊತೆ ಚಳಿಜ್ವರ ಬಂದರೆ, ಮೂತ್ರ ಕಟ್ಟಿಕೊಂಡರೆ ಅಥವಾ ತೀರಾ ಕಡಿಮೆಯಾದರೆ, ವಾಂತಿ ನಿಲ್ಲದಿದ್ದರೆ, ಸಣ್ಣ ಪೆಟ್ಟಿಗೇ ಮೂಳೆ ಮುರಿದರೆ, ಇದ್ದಕ್ಕಿದ್ದಂತೆ ತೀವ್ರ ಬೆನ್ನುನೋವು ಬಂದರೆ ಕಾಯಬೇಡಿ. ಗುಲ್ಮ ತೆಗೆಸಿಕೊಂಡಿರುವವರಿಗೆ ಜ್ವರ ಎಂದರೆ ಅದೇ ಒಂದು ಎಮರ್ಜೆನ್ಸಿ.

ಉಳಿದಂತೆ, ಮುಂದಿನ ಸಲ ರಕ್ತ ಹಾಕಿಸಲು ಹೋದಾಗ ಡಾಕ್ಟರ್ ಬಳಿ ಈ ಎರಡು ಪ್ರಶ್ನೆ ಕೇಳಿ: 'ಕೊನೆಯ ಡೆಕ್ಸಾ ಸ್ಕ್ಯಾನ್ ಆಗಿ ಎಷ್ಟು ದಿನ ಆಯಿತು? ಮೂತ್ರದ ಕ್ಯಾಲ್ಸಿಯಂ ಯಾವತ್ತಾದರೂ ನೋಡಿದ್ದೀರಾ?' ಉತ್ತರ 'ಇಲ್ಲ' ಎಂದಾದರೆ ಅಂದೇ ಚೀಟಿ ಬರೆಸಿಕೊಂಡು ಬನ್ನಿ.

(ಈ ಲೇಖನ ಸಾಮಾನ್ಯ ಮಾಹಿತಿಗಾಗಿ ಮಾತ್ರ. ಔಷಧಿ ಶುರು ಮಾಡುವ, ನಿಲ್ಲಿಸುವ ಅಥವಾ ಬದಲಾಯಿಸುವ ಮೊದಲು ನಿಮ್ಮ ವೈದ್ಯರ ಸಲಹೆ ಪಡೆಯಿರಿ.)